ಮುಖ ತಿರುಗಿಸಿ ಮಲಗಿದ ಮರಿ

2011ರಲ್ಲಿ ನಾನು ಮುಂಬೈ ಹತ್ತಿರದ ಬದಲಾಪುರದಲ್ಲಿ ಖಾಸಗಿ ಪಶುವೈದ್ಯನಾಗಿದ್ದೆ. ಮೈಸೂರಿನಿಂದ ಬಂದು ಕ್ಲಿನಿಕ್ ತೆರೆದು ಹದಿನಾರು ವರ್ಷವಾಗಿತ್ತು. ಬಂಗಲೆಗಳ ನಾಯಿ, ಹಳ್ಳಿಗಳ ಎಮ್ಮೆ, ಹಿತ್ತಿಲ ಕೋಳಿ ಎಲ್ಲವೂ ನನ್ನ ಬಳಿಗೇ ಬರುತ್ತಿದ್ದವು. ನನ್ನನ್ನು ಕೇಳದೆ ಯಾರಾದರೂ ಪ್ರಾಣಿ ತಂದರೆ ನನಗೆ ಸಿಟ್ಟು ಬರುತ್ತಿತ್ತು. ಈ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಅದರಿಂದಲೇ ಆದದ್ದು.

ಗಂಗಕ್ಕ ಡೊಂಬಿವಲಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು, ವಿಜಾಪುರದ ಕಡೆಯವರು. ರೈಲು ಹಳಿಯಾಚೆ ಮನೆ ಕಟ್ಟಿಸಿಕೊಂಡು ಮೂವತ್ತು ಜವಾರಿ ಕೋಳಿ ಸಾಕಿದ್ದರು. ಮುಂಗುಸಿ, ನರಿಗಳ ಕಾಟಕ್ಕೆ ಮೂವತ್ತು ಇಪ್ಪತ್ತಕ್ಕೆ ಇಳಿಯಿತು. ಕಾವಲಿಗೆ ನಾಯಿ ಸಾಕಿ ಎಂದವನು ನಾನೇ. ನೆರೂಳಿನ ಬ್ರೀಡರ್ ಒಬ್ಬರ ಹತ್ತಿರ ಜರ್ಮನ್ ಶೆಫರ್ಡ್ ಮರಿಗೆ ಹೇಳಿಯೂ ಇಟ್ಟಿದ್ದೆ. ಕರೆದರೆ ಓಡಿಬರುವ, ಚೆಂಡು ಎಸೆದರೆ ಹಾರಿ ಹಿಡಿಯುವ ಚುರುಕು ಮರಿಯೇ ಬೇಕೆಂದು ತಾಕೀತು ಮಾಡಿದ್ದೆ.

ಅಷ್ಟರಲ್ಲಿ ಬೀರಪ್ಪ ಅಡ್ಡ ಬಂದ. ವಿಜಾಪುರಕ್ಕೆ ಹತ್ತಿರದ ಜತ್ತ ಕಡೆಯ ಕುರಿಗಾರ. ದೀಪಾವಳಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಘಟ್ಟ ಇಳಿದು ಬಂದು, ಗೊಬ್ಬರಕ್ಕಾಗಿ ಇಲ್ಲಿನ ಗದ್ದೆಗಳಲ್ಲಿ ಕುರಿ ತರುಬಿ, ಮಳೆಗೆ ಮೊದಲೇ ವಾಪಸು ಹೋಗುವವನು. ಅವನ ನಾಯಿ ಐದು ಮರಿ ಹಾಕಿತ್ತು. ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕೋಳಿಗಳಿಗೆ ಲಸಿಕೆ ಹಾಕಲು ಹೋದರೆ, ಗಂಗಕ್ಕನ ಅಂಗಳದಲ್ಲಿ ಕಂಬಳಿ ಹಾಸಿ ಐದೂ ಮರಿಗಳನ್ನು ಬಿಟ್ಟು, ಕೈಯಲ್ಲೊಂದು ಹೇಂಟೆ ಹಿಡಿದು ಅವನು ಕೂತಿದ್ದ. ನಾಲ್ಕು ಮರಿ ಕೋಳಿಯ ಮೇಲೆ ಹಾರಿದವು. ಐದನೆಯದು, ಬಿಳಿ ಎದೆಯ ಹೆಣ್ಣು, ಒಮ್ಮೆ ಮೂಸಿ, ಮುಖ ತಿರುಗಿಸಿ ಅದರ ಪಕ್ಕದಲ್ಲೇ ಮಲಗಿತು.

“ಇದನ್ನ ಇಟ್ಕೋರಿ ಅಕ್ಕಾರ, ಕೋಳಿ ಮ್ಯಾಲ ಹಾರದ ಮರೀನ ಕೋಳಿ ಕಾಯ್ತದ,” ಎಂದ ಬೀರಪ್ಪ.

“ಮಂಕು ಮರಿ ಟೀಚರ್, ಜೋರೇ ಇಲ್ಲ ಇದಕ್ಕೆ,” ಎಂದೆ ನಾನು.

“ಇರ್ಲಿ ಬಿಡ್ರಿ ಡಾಕ್ಟರ್, ಅಂವಾ ನಾಯಿ ಜೋಡೀನ ಬೆಳದಾಂವ,” ಎಂದು ಗಂಗಕ್ಕ ನಕ್ಕರು. ಆಮೇಲೆ ಇಬ್ಬರೂ ತಮ್ಮ ಸೀಮೆಯ ಹಳ್ಳ, ಹೊಲ, ಬಳಗ ಎಂದು ಮಾತಿಗಿಳಿದರು. ಅಷ್ಟು ವರ್ಷಗಳಿಂದ ಆ ಮನೆಯಲ್ಲಿ ನನಗೆ ಸಿಕ್ಕಿದ್ದು ಚಹಾ, ಬಿಸ್ಕತ್ತು. ಅವನಿಗೆ ಅಂದೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂತು. ನನ್ನ ಹೊಟ್ಟೆ ಉರಿಯಿತು. ಓದಿದವನು ನಾನು, ಮಾತು ನಡೆದದ್ದು ಅವನದು.

ಮರಿಗೆ ಬೆಳ್ಳಿ ಎಂದು ಹೆಸರಿಟ್ಟರು. ಮಳೆಗಾಲವೆಲ್ಲ ಒಂದೇ ಒಂದು ಕೋಳಿ ಹೋಗಲಿಲ್ಲ. ನಾನು ಹೋದಾಗಲೆಲ್ಲ ಕಾಲು, ಕಿವಿ, ಹಲ್ಲು ನೋಡುತ್ತ ಏನಾದರೂ ಐಬು ಸಿಗುತ್ತದೆಯೇ ಎಂದು ಹುಡುಕುತ್ತಿದ್ದೆ. ಸಿಗಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಗಂಗಕ್ಕ ಚೀಲದಲ್ಲಿ ಎರಡು ಸತ್ತ ಕೋಳಿ ತಂದು ಮೇಜಿನ ಮೇಲಿಟ್ಟರು. ಪೋಸ್ಟ್‌ಮಾರ್ಟಮ್ ಮಾಡಿದೆ. ಮುಂಗುಸಿಯಾದರೆ ಕುತ್ತಿಗೆಗೆ ಕಚ್ಚುತ್ತದೆ, ನರಿಯಾದರೆ ಹೊತ್ತೊಯ್ಯುತ್ತದೆ. ಇಲ್ಲಿ ಪುಕ್ಕವೆಲ್ಲ ಜೊಲ್ಲಿನಿಂದ ಒದ್ದೆ, ಚರ್ಮದಡಿ ರಕ್ತ ಹೆಪ್ಪುಗಟ್ಟಿತ್ತು, ಹಲ್ಲು ನಾಟಿದ ಗಾಯವೇ ಇಲ್ಲ. ನಾಯಿ ಆಟವಾಡಿ ಕೊಂದದ್ದು. ಏಳೆಂಟು ತಿಂಗಳಿಗೆ ಕಾವಲು ನಾಯಿಗೂ ಹುಡುಗಾಟದ ವಯಸ್ಸು ಬರುತ್ತದೆ, ಪಟಪಟ ರೆಕ್ಕೆ ಬಡಿಯುವ ಕೋಳಿ ಅದಕ್ಕೆ ಆಟಿಕೆ. ಕೆಲವು ತಿಂಗಳು ಉದ್ದ ಹಗ್ಗ ಕಟ್ಟಿ, ಯಾರಾದರೂ ಎದುರಿಗಿರುವಾಗ ಮಾತ್ರ ಕೋಳಿಗಳ ಹತ್ತಿರ ಬಿಟ್ಟರೆ ಸಾಮಾನ್ಯವಾಗಿ ಹೋಗುವ ಚಾಳಿ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

“ನಿಮ್ಮ ಬೆಳ್ಳಿಯದೇ ಕೆಲಸ,” ಎಂದೆ. ಅದು ನಿಜ.

“ಸುಧಾರಸ್ತದೇನ್ರಿ?”

“ರಕ್ತದ ರುಚಿ ಸಿಕ್ಕ ನಾಯಿ ಸುಧಾರಿಸಲ್ಲ ಟೀಚರ್. ಕಳಿಸಿಬಿಡಿ.”

ಅದು ಸುಳ್ಳು. ರುಚಿ ಸಿಗಲು ಅಲ್ಲಿ ಒಂದು ಹನಿ ರಕ್ತವೂ ಹೊರಬಂದಿರಲಿಲ್ಲ. ಗಂಗಕ್ಕ ಕಣ್ಣೊರೆಸಿಕೊಂಡು ಹೋದರು. ಬೆಳ್ಳಿಯನ್ನು ಕಲ್ಯಾಣದ ಪರಿಚಯದವರ ಗೋದಾಮಿನ ಕಾವಲಿಗೆ ಟೆಂಪೋ ಹತ್ತಿಸಿದರು. ಅಂದು ಸಂಜೆಯೇ ನಾನು ನೆರೂಳಿಗೆ ಫೋನ್ ಮಾಡಿ ಮರಿ ಯಾವಾಗ ಸಿಗುತ್ತದೆ ಎಂದು ಕೇಳಿದೆ. ಗೆದ್ದೆ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ನೆರೂಳಿನ ಮರಿ ದೀಪಾವಳಿಯಾದರೂ ಬರಲಿಲ್ಲ. ಅಷ್ಟರಲ್ಲಿ ನರಿಗಳು ಮತ್ತೆ ಬಂದವು, ಗಂಗಕ್ಕನ ಹಿತ್ತಿಲಲ್ಲಿ ಒಂಬತ್ತೇ ಕೋಳಿ ಉಳಿದಿದ್ದವು. ನವೆಂಬರಿನಲ್ಲಿ ಬೀರಪ್ಪ ಕ್ಲಿನಿಕ್ಕಿಗೆ ಬಂದ. ಜಗಳಕ್ಕೇ ಬಂದಿದ್ದಾನೆ ಎಂದುಕೊಂಡು ನಾನೂ ತಯಾರಾದೆ. ಅವನು ಚಪ್ಪಲಿ ಬಾಗಿಲಲ್ಲಿ ಬಿಟ್ಟು ನಿಂತುಕೊಂಡೇ ಮಾತಾಡಿದ.

“ಅಕ್ಕಾರು ಹೇಳಿದ್ರು. ನೀವು ಓದಿದವ್ರು, ಹೇಳೀರಿ ಅಂದಮ್ಯಾಲ ತಪ್ಪು ನಂದ ಇರಬೇಕು. ಹಿಂಗ ಆರಿಸಿದ್ದು ಇನ್ನ ಎರಡು ಮರಿ ನನ್ನ ಮಂದ್ಯಾಗ ಅದಾವ. ಕುರಿಮರಿ ಜೋಡಿ ಮಲಗ್ತಾವ. ಅವನ್ನೂ ತಗದ ಹಾಕಬೇಕೇನ್ರಿ ಸಾಹೇಬ್ರ?”

ಬೈದಿದ್ದರೆ ಬದಲು ಬೈದು ಕಳಿಸುತ್ತಿದ್ದೆ. ಅವನು ನನ್ನನ್ನು ನಂಬಿ ಬಂದಿದ್ದ. “ನಿನ್ನ ಆಯ್ಕೆ ಸರಿ ಇದೆ ಬೀರಪ್ಪ, ತಪ್ಪಿದ್ದು ನಾನು,” ಎಂದೆ. ಕ್ಲಿನಿಕ್ ಮುಚ್ಚಿ ಅವನ ಜೊತೆಯಲ್ಲೇ ಗಂಗಕ್ಕನ ಮನೆಗೆ ನಡೆದೆ. ನಡೆದದ್ದು, ನಾನು ಮುಚ್ಚಿಟ್ಟದ್ದು, ಯಾಕೆ ಮುಚ್ಚಿಟ್ಟೆ ಎನ್ನುವುದು, ಎಲ್ಲವನ್ನೂ ಹೇಳಿದೆ. ರೊಟ್ಟಿಯ ವಿಷಯವನ್ನೂ ಬಿಡಲಿಲ್ಲ.

ಗಂಗಕ್ಕ ಅಂದರು, “ಅದು ಆಟ ಆಡ್ಕೋತ ಕೊಂದಿತ್ತು ಡಾಕ್ಟರ್. ನೀವು?”

“ಬೆಳ್ಳಿಯನ್ನು ವಾಪಸು ತರೋಣ ಟೀಚರ್,” ಎಂದೆ.

ಮರುದಿನ ಮೂವರೂ ಕಲ್ಯಾಣಕ್ಕೆ ಹೋಗಿ ಬೆಳ್ಳಿಯನ್ನು ಕರೆತಂದೆವು. ಗೋದಾಮಿನವರು ಕಟ್ಟಿದ್ದ ಮೋಟು ಸರಪಳಿಯಿಂದ ಕುತ್ತಿಗೆಯ ಕೂದಲು ಉದುರಿ ಹುಣ್ಣಾಗಿತ್ತು. ಅದಕ್ಕೆ ಮುಲಾಮು ಹಚ್ಚಲು ನಾಲ್ಕು ವಾರ ನಾನೇ ಹೋಗಿಬಂದೆ. ಹಗ್ಗದ ಅಭ್ಯಾಸ ಬೇಸಿಗೆವರೆಗೂ ನಡೆಯಿತು. ಆಮೇಲೆ ಬೆಳ್ಳಿ ಒಂದು ಕೋಳಿಯನ್ನೂ ಮುಟ್ಟಲಿಲ್ಲ, ಮುಟ್ಟಲು ಯಾರನ್ನೂ ಬಿಡಲಿಲ್ಲ. ಲಸಿಕೆಗೆ ಹೋದಾಗ ನನಗೂ ಕೋಳಿಗಳಿಗೂ ನಡುವೆ ಬಂದು ನಿಲ್ಲುತ್ತಿತ್ತು. ಗಂಗಕ್ಕ ಕರೆದ ಮೇಲೇ ಸರಿಯುತ್ತಿತ್ತು.

ರೋಗಪತ್ತೆ ಸರಿಯಿದ್ದೂ ವೈದ್ಯ ಸುಳ್ಳು ಹೇಳಬಲ್ಲ ಎಂದು ನನ್ನ ವೃತ್ತಿ ನನಗೆ ಕಲಿಸಿದ್ದು ಹೀಗೆ. ಈಗಲೂ ಯಾರಾದರೂ ಕೋಳಿ ಕಾಯಲು ಎಂಥ ಮರಿ ತರಬೇಕು ಎಂದು ಕೇಳಿದರೆ, ಚೀಟಿಯಲ್ಲಿ ಬೀರಪ್ಪನ ಹೆಸರು ಬರೆದುಕೊಡುತ್ತೇನೆ. ಬರೆಯುವಾಗ ಹೊಟ್ಟೆ ಇನ್ನೂ ಒಂದಿಷ್ಟು ಉರಿಯುತ್ತದೆ. ಉರಿಯಲಿ, ಹೆಸರನ್ನಂತೂ ಸರಿಯಾಗಿಯೇ ಬರೆಯುತ್ತೇನೆ.