ನರಿಯ ಹೊಟ್ಟೆಯ ಲೆಕ್ಕ ಬಲ್ಲ ಹಲ್ಲಕ್ಕ

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ, ಮೊಣಕೈವರೆಗೆ ರಬ್ಬರ್ ಗ್ಲೌಸ್ ಏರಿಸಿಕೊಂಡ ಹೆಂಗಸೊಬ್ಬರು ಸಿಂಕಿಗೆ ಬಾಗಿ ನರಿಯ ಹಿಕ್ಕೆ ತೊಳೆಯುತ್ತಿದ್ದಾರೆ. ಹಿಕ್ಕೆಯನ್ನು ಹಳೆಯ ಕಾಲುಚೀಲದಲ್ಲಿ ಗಂಟು ಕಟ್ಟಿ, ಸೋಪಿನ ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದುತ್ತಾರೆ. ಕೊಳೆಯೆಲ್ಲ ಹರಿದುಹೋದ ಮೇಲೆ ಉಳಿಯುವುದು ಒಂದಿಷ್ಟು ಕೂದಲು, ಎಲುಬಿನ ಚೂರು.

“ಎಂಟಕ್ಕೆ ಮಕ್ಕಳು ಕ್ಲಾಸಿಗೆ ಬರ್ತಾರೆ. ಅಷ್ಟರೊಳಗೆ ತೊಳೆಯೋದು ಮುಗೀಬೇಕು. ಇಲ್ದಿದ್ರೆ ವಾಸನೆ ಅಂತ ಕಂಪ್ಲೇಂಟ್ ಹೋಗುತ್ತೆ,” ಎನ್ನುತ್ತಾರೆ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಾ. “ನನಗೇನೂ ವಾಸನೆ ಬರಲ್ಲ ಬಿಡಿ. ನನ್ನ ಮೂಗು ಯಾವಾಗ್ಲೋ ರಿಟೈರ್ ಆಯ್ತು.”

ಇಡೀ ವಿಭಾಗ ಇವರನ್ನು ಕರೆಯುವುದು ‘ಹಲ್ಲಕ್ಕ’ ಎಂದು. ಇಪ್ಪತ್ತೇಳು ವರ್ಷದಿಂದ ಇಲ್ಲಿ ಕೂತು ಇವರು ಎಣಿಸುತ್ತಿರುವುದು ಹಲ್ಲು ಮತ್ತು ದವಡೆ. ಅವು ಬರುವುದು ಇಲ್ಲಿಂದ ಸಾವಿರಾರು ಮೈಲಿ ಉತ್ತರದ ಟಂಡ್ರಾದಿಂದ. ಅದು ಮರವೇ ಇಲ್ಲದ, ವರ್ಷದ ಎಂಟು ತಿಂಗಳು ಹಿಮ ಹೊದ್ದು ಮಲಗುವ ನೆಲ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಸಂಶೋಧಕರು ನರಿಯ ಹಿಕ್ಕೆಯನ್ನೂ, ಬಿಳಿಗೂಬೆ ಉಗುಳಿದ ಕೂದಲು-ಎಲುಬಿನ ಉಂಡೆಗಳನ್ನೂ ಹೆಕ್ಕಿ, ಚೀಟಿ ಅಂಟಿಸಿ ಮೂಟೆಗಟ್ಟಲೆ ಕಳಿಸುತ್ತಾರೆ. ಯಾವ ಪ್ರಾಣಿ ಯಾವುದನ್ನು ತಿಂದು ಬದುಕಿತು ಎಂದು ಹೇಳುವುದು ಹಲ್ಲಕ್ಕನ ಪಾಲಿನ ಕೆಲಸ.

ಹತ್ತನೇ ತರಗತಿ ಓದಿ, ಬಾಟಲಿ ತೊಳೆಯಲೆಂದು ಇಪ್ಪತ್ಮೂರರ ವಯಸ್ಸಿನಲ್ಲಿ ಸೇರಿದವರು. ಆಗ ಇಲ್ಲಿದ್ದ ಮುದುಕ ಸಹಾಯಕರೊಬ್ಬರು ದವಡೆ ಗುರುತಿಸುವುದನ್ನು ಕಲಿಸಿಕೊಟ್ಟರು. ಗಂಡ ಬಸ್ ಡ್ರೈವರ್, ಸಂಜೆ ಪಾಳಿ. “ನಾನು ಏಳೋ ಹೊತ್ತಿಗೆ ಅವರಿಗೆ ಗಾಢ ನಿದ್ದೆ. ನಮ್ಮ ಸಂಸಾರ ನಡೀತಿರೋದೇ ಫ್ರಿಜ್ ಮೇಲೆ ಅಂಟಿಸೋ ಚೀಟಿಯಲ್ಲಿ,” ಎಂದು ನಗುತ್ತಾರೆ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ‘ಅಮ್ಮ ಏನು ಮಾಡ್ತಾರೆ’ ಎಂದು ಕೇಳಿದರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಮಗು ಅಳುತ್ತಾ ಮನೆಗೆ ಬಂತು. “ಮಾರನೇ ದಿನ ಒಂದು ಪುಟ್ಟ ದವಡೆ ಕೊಟ್ಟು ಕಳಿಸ್ದೆ. ಆಮೇಲೆ ಯಾರೂ ನಗ್ಲಿಲ್ಲ.”

ದಿನಕ್ಕೆ ಹದಿನಾಲ್ಕು, ಹೆಚ್ಚೆಂದರೆ ಹದಿನಾರು ಪೊಟ್ಟಣ. ಒಣಗಿದ್ದನ್ನು ಬಿಳಿ ತಟ್ಟೆಯಲ್ಲಿ ಹರಡಿ, ಭೂತಗನ್ನಡಿಯ ಕೆಳಗೆ ಚಿಮುಟದಿಂದ ಬಿಡಿಸುತ್ತಾರೆ. ಮೊಟ್ಟೆಯ ಸಿಪ್ಪೆ ಒಂದು ಕಡೆ, ಗರಿ ಒಂದು ಕಡೆ, ಲೆಮಿಂಗ್ ದವಡೆ ಇನ್ನೊಂದು ಕಡೆ. ಲೆಮಿಂಗ್ ಎಂದರೆ ಹಿಡಿಯಷ್ಟೇ ಇರುವ ಮೋಟುಬಾಲದ ಇಲಿ. “ಎಡದವಡೆ ಮಾತ್ರ ಎಣಿಸ್ಬೇಕು. ಎಡದವು ಎಷ್ಟೋ ಅಷ್ಟು ಜೀವ. ಎರಡೂ ಎಣಿಸಿದ್ರೆ ಒಂದೇ ಇಲಿ ಎರಡು ಸಲ ಸತ್ತ ಹಾಗಾಗುತ್ತೆ.”

ಹುಲ್ಲು, ಪಾಚಿ ತಿಂದು ಹಿಮದಡಿಯಲ್ಲೇ ಚಳಿಗಾಲ ಕಳೆಯುವ ಈ ಇಲಿಯ ಮೇಲೆ ಅಲ್ಲಿನ ಅರ್ಧ ಬದುಕು ನಿಂತಿದೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಅದರ ಸಂತಾನ ಉಕ್ಕುತ್ತದೆ. ಆಗ ಗೂಬೆ ಗೂಡು ತುಂಬ ಮೊಟ್ಟೆ ಇಡುತ್ತದೆ, ನರಿಗೆ ಹತ್ತು-ಹನ್ನೆರಡು ಮರಿ. ನರಿಯ ಬಿಲದ ಸುತ್ತ ಹಿಕ್ಕೆಯ ಗೊಬ್ಬರ ಬಿದ್ದು ಹುಲ್ಲು ದಟ್ಟವಾಗುತ್ತದೆ. ಪುಸ್ತಕಗಳು ಇದನ್ನು ಆಹಾರ ಜಾಲ ಎನ್ನುತ್ತವೆ. ಹಲ್ಲಕ್ಕನ ವಿವರಣೆ ಬೇರೆ: “ಇಲಿ ಇದ್ದ ವರ್ಷ ಹಕ್ಕಿ ಮರಿ ಬದುಕ್ತವೆ. ಇಲಿ ಇಲ್ದಿದ್ರೆ ನರಿ ಹಕ್ಕಿ ಗೂಡಿಗೆ ಬಾಯಿ ಹಾಕುತ್ತೆ. ಇಲಿಗೂ ಹಕ್ಕಿಗೂ ಪರಿಚಯಾನೇ ಇಲ್ಲ ನೋಡಿ, ಆದ್ರೂ ಒಬ್ರ ಜೀವ ಇನ್ನೊಬ್ರ ಕೈಲಿದೆ.”

ಇದೇ ನಂಟು ಒಮ್ಮೆ ಅವರನ್ನು ಕಷ್ಟಕ್ಕೆ ಸಿಕ್ಕಿಸಿತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಅದು ಇಲಿ ಉಕ್ಕಬೇಕಾಗಿದ್ದ ವರ್ಷ. ಆದರೆ ಮೊದಲು ಬಂದ ಮೂಟೆಗಳಲ್ಲಿ ಸಿಕ್ಕಿದ್ದೆಲ್ಲ ಮೊಟ್ಟೆಯ ಸಿಪ್ಪೆ, ಗರಿ. ದವಡೆಗಳು ಬೆರಳೆಣಿಕೆಯಷ್ಟು. ಆಗಿನ ಮುಖ್ಯಸ್ಥರಿಗೆ ಪಟ್ಟಿ ಒಪ್ಪಿಸಿದಾಗ ಅವರು ಕನ್ನಡಕ ತೆಗೆದು ಕೆಳಗಿಟ್ಟರು. “‘ಕರಾವಳಿ ನರಿ ಮೊಟ್ಟೆ ತಿನ್ನುತ್ತೆ, ಒಳನಾಡಿನದು ಇಲಿ. ಎರಡರ ಮೂಟೆ ಕಲಸಿಬಿಟ್ಟಿದ್ದೀರಿ ಕಣಮ್ಮ, ಮತ್ತೆ ಎಣಿಸಿ’ ಅಂದ್ರು. ‘ಇಲ್ಲ ಸಾರ್’ ಅಂದೆ. ‘ಎಣಿಸಿ’ ಅಂದ್ರು.”

ನಾನೂರ ಹನ್ನೆರಡು ಪೊಟ್ಟಣ. ನಾಲ್ಕು ವಾರ. ಭಾನುವಾರವೂ ಬಂದರು. ವಿಭಾಗದಲ್ಲಿ ಪಿಸುಮಾತು ಹುಟ್ಟಿತು, ಹಲ್ಲಕ್ಕನಿಗೆ ಕಣ್ಣು ಮಂಜಾಯಿತು ಎಂದು. “ನನಗೇ ಅನುಮಾನ ಬಂತು. ಬಸ್ಸಿನಲ್ಲಿ ಕೂತು ಬೆರಳು ಎಣಿಸ್ಕೊಳ್ತಿದ್ದೆ, ಹತ್ತು ಇದೆಯಾ ಅಂತ.” ಎರಡನೇ ಲೆಕ್ಕವೂ ಅದೇ ಬಂತು. ತಿಂಗಳ ನಂತರ ಟಂಡ್ರಾಕ್ಕೆ ಹೋಗಿದ್ದ ತಂಡ ಹಿಂತಿರುಗಿ ಸುದ್ದಿ ಹೇಳಿತು. ನಡುಚಳಿಗಾಲದಲ್ಲಿ ಮಳೆ ಸುರಿದು, ನೀರು ಹುಲ್ಲಿನ ಮೇಲೆ ಗಡ್ಡೆಕಟ್ಟಿ, ಇಲಿಗಳು ಮೇವಿಲ್ಲದೆ ಸತ್ತಿದ್ದವು. ಗೂಬೆಗಳು ಮೊಟ್ಟೆಯನ್ನೇ ಇಟ್ಟಿರಲಿಲ್ಲ. ಹಸಿದ ನರಿಗಳು ಹಕ್ಕಿಗೂಡುಗಳನ್ನು ಬರಿದು ಮಾಡಿದ್ದವು.

ಮುಖ್ಯಸ್ಥರು ಕ್ಷಮೆ ಕೇಳಿದರೇ? “ಕೆಳಗೆ ಬಂದು, ಈ ಸಿಂಕ್ ಹತ್ರ ನಿಂತು, ‘ನಲ್ಲಿ ಸೋರ್ತಾ ಇದೆಯಲ್ಲಮ್ಮ, ರಿಪೇರಿ ಮಾಡಿಸ್ತೀನಿ’ ಅಂದ್ರು. ಅಷ್ಟೇ. ಮಾಡಿಸಿದ್ರು ಕೂಡ.” ಆ ವರ್ಷ ಪ್ರಕಟವಾದ ಪ್ರಬಂಧದಲ್ಲಿ ಒಂಬತ್ತು ಜನರ ಹೆಸರಿತ್ತು. ಇವರದಿರಲಿಲ್ಲ.

ಈಗ ಐವತ್ತು. ಎಡಗಣ್ಣು ನಿಜವಾಗಿಯೂ ಮಂಜಾಗುತ್ತಿದೆ. ಗಂಟೆಗೊಮ್ಮೆ ಕಣ್ಣಿಗೆ ಬಿಡುವು ಕೊಡಿ ಎಂದಿದ್ದಾರೆ ಡಾಕ್ಟರು. ಮೇಲಿನ ಮಹಡಿಗೆ ಹೊಸ ಯಂತ್ರ ಬಂದಿದೆ, ಚಿಟಿಕೆ ಹಿಕ್ಕೆಯಿಂದಲೇ ನರಿ ಏನು ತಿಂದಿತೆಂದು ಹೇಳುತ್ತದೆ. ಎಷ್ಟು ತಿಂದಿತೆಂದು ಹೇಳಲು ಅದಕ್ಕಿನ್ನೂ ಬಾರದು. ಹಾಗಾಗಿ ಹಲ್ಲಕ್ಕನ ಕುರ್ಚಿ ಸದ್ಯಕ್ಕೆ ಉಳಿದಿದೆ. “ಸುಸ್ತಾಗಿದೆ, ಸುಳ್ಳು ಯಾಕೆ ಹೇಳ್ಲಿ? ಬೆನ್ನು ಬಿದ್ದುಹೋಗಿದೆ. ಮೇಜು ಒಂದು ಕಿಟಕಿ ಪಕ್ಕ ಹಾಕಿಕೊಟ್ರೆ ಸಾಕು, ಹಗಲಿನ ಬೆಳಕಿದ್ರೆ ಇನ್ನೂ ನಾಲ್ಕು ವರ್ಷ ತಳ್ಳಬಹುದು.”

ಕಳೆದ ತಿಂಗಳು ಬಂದ ಮೂಟೆಗಳಲ್ಲಿ ಒಂದೊಂದು ಉಂಡೆಯಲ್ಲೂ ನಾಲ್ಕೈದು ಎಡದವಡೆ. ಇಷ್ಟು ಇಲಿ ಕಂಡು ಎಷ್ಟೋ ವರ್ಷವಾಗಿತ್ತು. ಪಟ್ಟಿ ಹಿಡಿದು ಮೂರು ಮಹಡಿ ಹತ್ತಿ, ಈಗಿನ ಮುಖ್ಯಸ್ಥೆಯ ಮೇಜಿನ ಮೇಲಿಟ್ಟರು. ಅವರು ನೋಡಿದರು, ಕಂಪ್ಯೂಟರಿಗೆ ಏರಿಸಿಕೊಳ್ಳತೊಡಗಿದರು.

“ನಾನು ಅಲ್ಲೇ ನಿಂತಿದ್ದೆ. ‘ಇನ್ನೇನಾದ್ರೂ ಇತ್ತಾ ಅಕ್ಕ?’ ಅಂದ್ರು. ‘ಮತ್ತೆ ಎಣಿಸ್ಬೇಕಾ ಮೇಡಂ?’ ಅಂದೆ. ತಲೆ ಎತ್ತಿ ನೋಡಿ, ‘ಯಾಕೆ, ನೀವು ಎಣಿಸಿದ್ದೀರಲ್ಲ?’ ಅಂದ್ರು.”