ಅಂತೋಣಪ್ಪನವರ ಅರಗಿನ ಬಿಲ್ಲೆ

ಕಳೆದ ವಾರ ಕಡಕೊಳದಲ್ಲಿ ತಂಗಿಯ ಮಗ ಕೆಲಸ ಮಾಡುವ ಪ್ಲಾಸ್ಟಿಕ್ ಕಾರ್ಖಾನೆ ನೋಡಲು ಹೋಗಿದ್ದೆ. ಕರಗಿದ ಪ್ಲಾಸ್ಟಿಕ್ಕು ಯಂತ್ರದ ಬಾಯಿಂದ ಸಬ್ಬಕ್ಕಿಯಂಥ ಕಾಳಾಗಿ ಉದುರುತ್ತಿತ್ತು. ಒಂದು ಹಿಡಿ ಅಂಗೈಗೆ ಹಾಕಿಸಿಕೊಂಡೆ. ಬಿಸಿ ಇನ್ನೂ ಆರಿರಲಿಲ್ಲ. ಆ ಕಮಟು ವಾಸನೆಯೇ ಸಾಕಾಯಿತು ನೋಡಿ, ನನ್ನನ್ನು ಐವತ್ತರ ದಶಕದ ವಿದ್ಯಾರಣ್ಯಪುರಂಗೆ ಎಳೆದೊಯ್ಯಲು.

ಅಲ್ಲೊಂದು ಅರಗಿನ ಕಾರ್ಖಾನೆಯಿತ್ತು. ಕಾರ್ಖಾನೆ ಎನ್ನುವುದು ದೊಡ್ಡ ಮಾತು, ಹೆಂಚಿನ ಕೊಟ್ಟಿಗೆಯಲ್ಲಿ ಮೂರು ಒಲೆ ಅಷ್ಟೆ. ಹೊಸದಾಗಿ ಬಿ.ಎಸ್ಸಿ. ಮುಗಿಸಿದ್ದ ನಾನು ಅಲ್ಲಿನ ಕೆಮಿಸ್ಟು. ಕರಗಿಸಿ ಸೋಸಿದ ಅರಗನ್ನು ಸೌಟಿನಲ್ಲಿ ಎತ್ತಿ, ತಗಡಿನ ಮೇಲೆ ತೊಟ್ಟು ತೊಟ್ಟಾಗಿ ಬಿಟ್ಟು ಬಿಲ್ಲೆ ಮಾಡುತ್ತಿದ್ದವರು ಅಂತೋಣಪ್ಪನವರು. ಬಿಸಿ ಹೆಚ್ಚಾದರೆ ಅರಗು ದೋಸೆಯಂತೆ ಹರಡುತ್ತದೆ, ಆರಿದರೆ ಬಾಲ ಎಳೆಯುತ್ತದೆ. ಅವರ ಬಿಲ್ಲೆಗಳು ಮಾತ್ರ ದುಂಡಗೆ, ಒಂದೇ ಅಳತೆ. ಮರಕ್ಕೆ ಪಾಲಿಶ್ ಹಾಕುವವರು ಅವನ್ನೇ ಕೇಳಿ ಒಯ್ಯುತ್ತಿದ್ದರು.

ಸೌಟು ಎತ್ತಿದೊಡನೆ ಅವರು ಗಟ್ಟಿಯಾಗಿ ಒಂದು 'ನಮೋ ಮರಿಯ' ಹೇಳುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆಯೇ ಮೊದಲ ತೊಟ್ಟು. ಅರಗು ಹದಕ್ಕೆ ಆರುವ ಹೊತ್ತೇ ಈ ಪ್ರಾರ್ಥನೆಯ ಹೊತ್ತು ಇರಬೇಕೆಂದು ನನಗೋ ಹಾಳು ಕುತೂಹಲ. ಅಪ್ಪನ ಕೈಗಡಿಯಾರ ತಂದು, ಒಂದು ಚಳಿಯ ಬೆಳಿಗ್ಗೆ ಅವರ ಹಿಂದೆ ನಿಂತು ಲೆಕ್ಕ ಹಾಕಿದೆ. ಪ್ರತಿ ಸೌಟಿಗೂ ಹನ್ನೆರಡು ಸೆಕೆಂಡು!

"ಏನ್ ನೋಡ್ತಿದ್ದೀರಮ್ಮ?" ಎಂದರು.

"ಸುಮ್ನೆ. ನೀವು ಪ್ರಾರ್ಥನೆ ಮಾಡೋದು ಕೇಳೋಕೆ ಚೆನ್ನಾಗಿದೆ."

ಪಾಪ, ಅವರು ಹಿಗ್ಗಿ ಇನ್ನೂ ಗಟ್ಟಿಯಾಗಿ ಹೇಳಿದರು.

ನಾನು ಹನ್ನೆರಡು ಸೆಕೆಂಡನ್ನು ಕಾಗದದಲ್ಲಿ ಬರೆದು ಮಾಲೀಕರ ಮೇಜಿನ ಮೇಲಿಟ್ಟೆ. ಭೇಷ್ ಅನ್ನುತ್ತಾರೆಂದು ಕಾದಿದ್ದೆ. ಅಂದರು. ಜೊತೆಗೆ ಇನ್ನೊಂದು ಮಾತೂ ಅಂದರು: "ಹಾಗಾದ್ರೆ ಈ ಕೆಲಸ ಯಾರ್ ಬೇಕಾದ್ರೂ ಮಾಡ್ಬೋದು. ಅಂತೋಣಪ್ಪಂಗೆ ಇನ್ನು ಮನೇಲಿರಪ್ಪ ಅಂತೀನಿ." ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಚಳಿ ಮುಗಿಯುವವರೆಗೆ ಹೊಸಬನೊಬ್ಬ ಗಡಿಯಾರ ನೋಡಿಕೊಂಡೇ ನಿಭಾಯಿಸಿದ. ಬೇಸಿಗೆ ಬಂದದ್ದೇ ತಡ, ಬಿಲ್ಲೆಗಳು ತಗಡಿನ ತುಂಬ ಹರಡಿ ಒಂದಕ್ಕೊಂದು ಅಂಟಿಕೊಂಡವು. ಸೆಕೆಯಲ್ಲಿ ಅರಗು ನಿಧಾನವಾಗಿ ಆರುತ್ತದೆಂಬುದು ನನ್ನ ಬಿ.ಎಸ್ಸಿ. ತಲೆಗೆ ಹೊಳೆದಿರಲಿಲ್ಲ. ಮಾಲೀಕರು ನನ್ನನ್ನೇ ಅಂತೋಣಪ್ಪನವರ ಮನೆಗೆ ಅಟ್ಟಿದರು.

ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಮೊದಲು ಕೇಳಿದ್ದು, "ಅರಗು ಎಷ್ಟು ಹಾಳಾಯ್ತು?" ಎಂದು. ಆಮೇಲೆ ಮೆತ್ತಗೆ ಹೇಳಿದರು: "ಪ್ರಾರ್ಥನೇನ ಯಾವತ್ತೂ ಒಂದೇ ಅಳತೆಗೆ ಹೇಳ್ದೋನಲ್ಲ ಕಣಮ್ಮ ನಾನು. ಸೌಟಲ್ಲಿ ಅರಗು ಎಂಗೈತೋ ನೋಡ್ಕೊಂಡು ಬೇಗ ಇಲ್ಲಾ ನಿಧಾನಕ್ಕೆ ಹೇಳ್ತಿದ್ದೆ. ನೀವು ಕೇಳಿದ್ರೆ ನಾನೇ ಹೇಳ್ಕೊಟ್ಬುಡ್ತಿದ್ದೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮರುದಿನವೇ ಕೆಲಸಕ್ಕೆ ಬಂದರು. ಬಿಲ್ಲೆಗಳು ಮತ್ತೆ ದುಂಡಗಾದವು.

ಇಷ್ಟು ವರ್ಷ ಈ ಕಥೆಯನ್ನು ನನ್ನ ಪೆದ್ದುತನದ ತಮಾಷೆಯೆಂದೇ ಹೇಳಿ ನಗಿಸುತ್ತ ಬಂದಿದ್ದೆ. ಕಡಕೊಳದಲ್ಲಿ ಹೇಳಿದಾಗ ತಂಗಿಯ ಮಗ ನಗಲಿಲ್ಲ. "ಅರಗಲ್ಲಿ ಅವರು ಏನ್ ನೋಡ್ತಿದ್ರು ಅಂತ ಆಮೇಲಾದ್ರೂ ತಿಳ್ಕೊಂಡ್ರಾ ದೊಡ್ಡಮ್ಮ?" ಎಂದ.

"ಇಲ್ಲಪ್ಪ," ಎಂದೆ. "ವಾಪಸ್ ಬಂದ್ಮೇಲೆ, ನಾನು ಹತ್ರ ಹೋದಾಗೆಲ್ಲ ಅವರು ಪ್ರಾರ್ಥನೇನ ಮನಸ್ಸಲ್ಲೇ ಹೇಳ್ಕೊಳ್ತಿದ್ರು."