ಕಾಂಪೌಂಡ್ ಗೋಡೆಯ ಮೇಲಿನ ಲೋಟ

ನಮ್ಮವ್ವ ಬಸವನಗುಡಿಯ ಬೀದಿಗಳನ್ನು ಗುಡಿಸಿದವಳು. ಅದೇ ಬಸವನಗುಡಿಯಲ್ಲಿ ನಾನೀಗ ಮನೆ ಮಾಡಿದ್ದೇನೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ. ಸರ್ಕಾರಿ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತವರು ಮೇಡಂ ಅನ್ನುತ್ತಾರೆ. 'ನಮ್ಮವ್ವ ನನ್ನ ಕೈಗೆ ಪೊರಕೆ ಕೊಡಲಿಲ್ಲ, ಪುಸ್ತಕ ಕೊಟ್ಟಳು' ಎಂದು ಎಷ್ಟೋ ವೇದಿಕೆಗಳ ಮೇಲೆ ಹೇಳಿದ್ದೇನೆ. ಚಪ್ಪಾಳೆ ಬೀಳುತ್ತಿತ್ತು.

ಮರೆವಿನ ಕಾಯಿಲೆ ಹೆಚ್ಚಾದ ಮೇಲೆ ಅವ್ವನನ್ನು ಚಾಮರಾಜಪೇಟೆಯ ಕಾಲೊನಿಯಿಂದ ನನ್ನ ಮನೆಗೆ ಕರೆತಂದೆ. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾಳೆ. ರಾತ್ರಿ ನನ್ನದು. ಹಗಲಿಡೀ ತೂಕಡಿಸುವ ಅವ್ವ ಕತ್ತಲಾದರೆ ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು, ಬಾಗಿಲ ಚಿಲಕ ಹುಡುಕುತ್ತಾಳೆ. "ಮೇಸ್ತ್ರಿ ಆಜ್ರಿ ತಗೊಂಡ್ಬಿಟ್ಟಿರ್ತಾನೆ, ಬಿಡಿ ನನ್ನ" ಎಂದು ನೂಕುತ್ತಾಳೆ. ಮುದುಕಿ ಅಂದುಕೊಳ್ಳಬೇಡಿ. ಜೀವಮಾನವೆಲ್ಲ ಕಸದ ಗಾಡಿ ತಳ್ಳಿದ ತೋಳು ಅದು.

ನೂಕಿಸಿಕೊಳ್ಳುವುದು ಕಷ್ಟವಲ್ಲ. ಕಷ್ಟವಾದದ್ದು ಅವಳು ಕುಡಿಯುವುದನ್ನೇ ನಿಲ್ಲಿಸಿದ್ದು. ನಮ್ಮ ಮನೆಯ ನೀರನ್ನೂ ಮುಟ್ಟಳು. ಮೈಯಲ್ಲಿ ನೀರಿಲ್ಲದೆ ಕುಸಿದು ಬಿದ್ದಾಗ ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ ಸೂಜಿ ಕಿತ್ತುಹಾಕುತ್ತಾಳೆಂದು ಅಲ್ಲಿ ಅವಳ ಎರಡು ಕೈಗಳನ್ನೂ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. "ನಾನೇನೂ ಕದ್ದಿಲ್ಲ ಬುದ್ಧಿ, ಬಿಟ್ಬುಡಿ" ಎಂದು ಬೆಳಗಿನವರೆಗೂ ಕೂಗಿದಳು. ಮನೆಗೆ ಕಳಿಸುವಾಗ ಡಾಕ್ಟರು, "ಹೀಗೇ ಕುಡೀದೇ ಇದ್ರೆ ಮತ್ತೆ ಕರ್ಕೊಂಡ್ಬರ್ಬೇಕಾಗುತ್ತೆ" ಎಂದರು. ಮತ್ತೆ ಹೋದರೆ ಮತ್ತೆ ಕಟ್ಟುತ್ತಾರೆ.

ಆ ಸಂಜೆಯೇ ಡಾಕ್ಟರು ಬರೆದುಕೊಟ್ಟ ಮಾತ್ರೆ ಅರೆದು ಕಾಫಿಗೆ ಬೆರೆಸಿದೆ. ಕಾಫಿ ಹೆಸರಿಗೆ, ಹಾಲೇ ಹೆಚ್ಚು. ಸ್ಟೀಲ್ ಲೋಟದಲ್ಲಿ ತಂದುಕೊಟ್ಟೆ. ಅವ್ವ ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಎಷ್ಟು ಕರೆದರೂ ಸೋಫಾದ ಮೇಲೆ ಕೂರಳು. ಲೋಟ ನೋಡಿ ಎರಡು ಕೈಗಳನ್ನೂ ಬೆನ್ನ ಹಿಂದೆ ಅಡಗಿಸಿದಳು.

"ಅವ್ವಾ, ನಾನು ಕಣವ್ವಾ. ನಿನ್ ಮಗಳು."

"ಯಾಕ್ ತಾಯಿ ತಮಾಸೆ ಮಾಡ್ತೀರ? ನನ್ ಮಗಳು ಇಷ್ಟೇ ಎತ್ರ ಅವ್ಳೆ." ಒಂದು ಕೈ ಹೊರಗೆ ತೆಗೆದು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದಳು.

"ಆಯ್ತು, ಇದನ್ನ ಕುಡಿ."

"ನಿಮ್ ಲೋಟ ಮುಟ್ಟಿದ್ರೆ ಯಜಮಾನ್ರು ಬಯ್ಯಲ್ವಾ? ನನ್ ಲೋಟ ಎಲ್ಲೈತೆ?"

ಆಗ ಹೊಳೆಯಿತು. ಚಿಕ್ಕಂದಿನಲ್ಲಿ ಅವ್ವನ ಜೊತೆ ಈ ಬೀದಿಗಳಿಗೆ ಬರುತ್ತಿದ್ದಾಗ ನೋಡಿದ್ದೆ: ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದ, ಬಾಯಿ ಒಡೆದ ಗಾಜಿನ ಲೋಟ. ಗುಡಿಸುವವಳಿಗೆಂದೇ ಇಟ್ಟದ್ದು. ಗೇಟಿನಾಚೆ ನಿಂತು ಅವ್ವ ಅದನ್ನು ಚಾಚಿದರೆ, ಮನೆಯಾಕೆ ಒಳಗಿನಿಂದಲೇ ಎತ್ತರದಿಂದ ಕಾಫಿ ಸುರಿಯುತ್ತಿದ್ದಳು. ಪಾತ್ರೆಗೆ ಲೋಟ ತಾಗಬಾರದು. ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಹೊರಡಬೇಕು.

ಅಟ್ಟದಿಂದ ಹಳೆಯ ಗಾಜಿನ ಲೋಟವೊಂದನ್ನು ತೆಗೆದು ನಮ್ಮ ಕಾಂಪೌಂಡ್ ಗೋಡೆಯ ಮೇಲಿಟ್ಟು, ಗೇಟು ತೆಗೆದೆ. ಅವ್ವ ಸರಸರನೆ ಹೋಗಿ ಲೋಟ ಎತ್ತಿಕೊಂಡು ಗೇಟಿನಾಚೆ ನಿಂತಳು. ಮೆತ್ತಗೆ "ತಗೊಳ್ಳವ್ವಾ" ಅಂದೆ. ಅನುಮಾನದಿಂದ ಹಿಂದೆ ಸರಿದಳು.

"ಏಯ್, ನೆಟ್ಟಗೆ ಹಿಡ್ಕೊಳ್ಳೇ! ಚೆಲ್ಲಿದ್ರೆ ನೀನೇ ತೊಳೀಬೇಕು" ಅಂದೆ.

ಮುಖ ಅರಳಿತು. ಲೋಟ ಚಾಚಿದಳು. ಕೊನೆಯ ಹನಿಯವರೆಗೂ ಕುಡಿದಳು.

ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನೇ ಇದು, ಹೆತ್ತವ್ವಂಗೆ! ಅಕ್ಕಪಕ್ಕದವ್ರು ನೋಡಿದ್ರೆ?"

"ನೋಡ್ಲಿ ಬಿಡಿ. ಅವ್ರೇನ್ ನೋಡದೇ ಇರೋದಾ?"

"ಆದ್ರೂ ಆ ದನಿ ನಿಂಗೆ ಚೆನ್ನಾಗೇ ಬರುತ್ತೆ."

ಬರದೇ ಏನು? ಅವ್ವನ ಸೀರೆ ಹಿಡಿದುಕೊಂಡು ನಿಂತು ಕೇಳಿದ ದನಿ. ಇಂಗ್ಲಿಷಿಗಿಂತ ಮೊದಲು ಕಲಿತದ್ದು.

ಅಂದಿನಿಂದ ಅದೇ ಕ್ರಮವಾಯಿತು, ಸಂಜೆಗೊಮ್ಮೆ, ಬೆಳಗಿನ ಜಾವಕ್ಕೊಮ್ಮೆ. ನಾನು ಗದರಬೇಕು, ಅವಳು ಕುಡಿಯಬೇಕು. ತುಟಿಯ ಬಿರುಕು ಮಾಯಿತು. ರಾತ್ರಿ ತುಸು ನಿದ್ದೆಯೂ ಹತ್ತತೊಡಗಿತು, ಅವಳಿಗೆ.

ಒಂದು ಬೆಳಗಿನ ಜಾವ, ಲೋಟ ತುಂಬಿದ ಮೇಲೂ ಅವ್ವ ಬಾಯಿಗಿಡಲಿಲ್ಲ.

"ಅಮ್ಮಾವ್ರೇ, ಒಂದ್ ಮಾತು. ನನ್ ಮಗಳವ್ಳಲ್ಲ, ಅವಳ್ನ ನಿಮ್ಮನೇಲಿ ಮುಸುರೆ ತಿಕ್ಕಕ್ಕೆ ಆಕ್ಕೊಳ್ಳಿ."

"ಅವ್ಳು ಓದ್ತಿದಾಳಲ್ಲೇ?"

"ಓದಿದ್ದು ಸಾಕು. ಪುಸ್ತಕ ಇಡ್ಕೊಂಡ್ ಕುಂತ್ರೆ ಕರದ್ರೂ ಏಳಲ್ಲ, ಮುಂಡೇದು."

"ಓದ್ಲಿ ಬಿಡೇ. ಮುಂದೆ ನಿನ್ನ ನೋಡ್ಕೋತಾಳೆ."

ಅವ್ವ ನಕ್ಕಳು. "ಅವ್ಳಾ! ನಿಮ್ಗೇನ್ ತಾಯಿ, ಗೇಟೊಳ್ಗೆ ನಿಂತ್ಕೊಂಡ್ ಏಳ್ತೀರ. ಅವಳ್ನ ಕಟ್ಕೊಂಡು ನಾನ್ ಸಾಯ್ಬೇಕು. ಈ ಬೀದೀಲಿ ಎಲ್ಲಾ ಮನೇಲೂ ಕೇಳಾಯ್ತು. ಚಿಕ್ಕವ್ಳು, ಕೈಲಾಗಲ್ಲ ಅಂತ ಯಾರೂ ಆಕ್ಕೊಳ್ತಿಲ್ಲ."

ಎಲ್ಲ ಮನೆಗಳಲ್ಲೂ ಕೇಳಿದ್ದಳಂತೆ. ಯಾರಿಗೂ ಬೇಡವಾದದ್ದರಿಂದ ನಾನು ಶಾಲೆಯಲ್ಲಿ ಉಳಿದೆನಂತೆ. ಕಾಯಿಲೆಯ ಮಾತೋ ನಿಜವೋ, ಹೇಳಬಲ್ಲವರು ಈಗ ಯಾರೂ ಇಲ್ಲ.

"ಮೊದ್ಲು ಕುಡಿ. ಆಮೇಲ್ ನೋಡೋಣ."

"ಅವಳ್ನ ಆಕ್ಕೊಳ್ಳಲ್ಲ ಅಂದ್ರೆ ನಿಮ್ ಕಾಪಿನೂ ಬ್ಯಾಡ."

ಲೋಟವನ್ನು ವಾರೆ ಮಾಡಿದಳು. ಕಾಫಿ ಚಪ್ಪಡಿಯ ಮೇಲೆ ತೊಟ್ಟಿಕ್ಕತೊಡಗಿತು. ಮಾತ್ರೆ ಅದರಲ್ಲೇ ಇತ್ತು. ಅವಳ ಮಣಿಕಟ್ಟಿನ ಸುತ್ತ ಆಸ್ಪತ್ರೆಯ ಬಟ್ಟೆ ಉಜ್ಜಿದ ಗುರುತು ಇನ್ನೂ ಕಪ್ಪಗಿತ್ತು.

"ಸರಿ" ಅಂದೆ. "ನಾಳೆಯಿಂದ ಕಳ್ಸು."

"ದಿಮಾಕು ಮಾಡಿದ್ರೆ ಎರಡ್ ಬಿಡಿ ತಾಯಿ. ನಾನೇನೂ ಅನ್ಕೊಳ್ಳಲ್ಲ."

"ಬಿಡ್ತೀನಿ. ಕುಡಿ."

ಕುಡಿದಳು. ನಲ್ಲಿಯಲ್ಲಿ ಲೋಟ ತೊಳೆದು, ಗೋಡೆಯ ಮೇಲೆ ಬೋರಲು ಹಾಕಿ, ನನಗೆ ಕೈ ಮುಗಿದಳು.

ಮರುದಿನ ಅವಳಿಗೆ ಬೇರೇನೂ ನೆನಪಿರಲಿಲ್ಲ, ಮಗಳನ್ನು ಕೆಲಸಕ್ಕೆ ಹಾಕಬೇಕೆಂಬುದೊಂದು ಬಿಟ್ಟು. ಈಗ ದಿನಾ ಕೇಳುತ್ತಾಳೆ. ದಿನಾ ಒಪ್ಪಿಕೊಳ್ಳುತ್ತೇನೆ. ಒಪ್ಪಿದ ಮೇಲೆ ಕುಡಿಯುತ್ತಾಳೆ.